ಡಬ್ಬದಲ್ಲಿ 9000 ಲ್ಯುಮೆನ್, ಪರದೆಯಲ್ಲಿ ಮಂಜು

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಆನ್‌ಲೈನಲ್ಲಿ ಪ್ರೊಜೆಕ್ಟರ್ ತರಿಸಿದೆವು, ಡಬ್ಬದಲ್ಲಿ ದೊಡ್ಡ ನಂಬರ್ ಉಂಟು, ಪಿಕ್ಚರ್ ಮಾತ್ರ ಕಾಣುವುದಿಲ್ಲ. ಹಾಗಾಗಿ ಜಾಗ ಜಾಸ್ತಿ ಅದಕ್ಕೇ. ಯಾವ ವಯರ್ ಎಲ್ಲಿ ಚುಚ್ಚಬೇಕು ಎಂದು ಕೇಳಿದವರು ದಯವಿಟ್ಟು ಒಳಗೆ ಇಟ್ಟಿರುವ ಪುಸ್ತಕ ಓದಿ.

ಪ್ರಶ್ನೆ: ನಾವು ಪೆರ್ಲದ ಹತ್ತಿರದ ಒಂದು ಯುವಕ ಸಂಘದವರು. ಫುಟ್‌ಬಾಲ್ ತೋರಿಸಲಿಕ್ಕೆ 7,000 ರೂಪಾಯಿ ಕೊಟ್ಟು 9000 ಲ್ಯುಮೆನ್ ಪ್ರೊಜೆಕ್ಟರ್ ತಂದೆವು. ಸಂಜೆ 5 ಗಂಟೆಗೆ ಚಪ್ಪರದೊಳಗೆ 100 ಇಂಚಿನ ಪರದೆಗೆ ಬಿಟ್ಟರೆ ಆಟಗಾರರು ನೆರಳಿನ ಹಾಗೆ ಓಡುತ್ತಾರೆ, ಚೆಂಡು ಕಾಣುವುದೇ ಇಲ್ಲ. ಶಾಲೆಯಲ್ಲಿರುವ ಹಳೆಯ 3000 ಲ್ಯುಮೆನಿನದ್ದು ಇದಕ್ಕಿಂತ ಚೆನ್ನಾಗಿದೆ. ಪೀಸ್ ಡಿಫೆಕ್ಟಾ?

ಪೀಸ್ ಸರಿಯಾಗಿಯೇ ಉಂಟು. ನಂಬರ್ ಸುಳ್ಳು. ಲ್ಯುಮೆನ್ ಅಂದರೆ ಒಟ್ಟು ಎಷ್ಟು ಬೆಳಕು ಹೊರಬರುತ್ತದೆ ಎಂಬ ಅಳತೆ.

ಮನೆಯ 9 ವಾಟಿನ ಎಲ್‌ಇಡಿ ಬಲ್ಬ್ ಗೊತ್ತಲ್ವಾ? ಅದು ಕೊಡುವುದು ಹೆಚ್ಚುಕಡಿಮೆ 900 ಲ್ಯುಮೆನ್. ಅಂದರೆ 9000 ಬೇಕಾದರೆ ಅಂಥ ಹತ್ತು ಬಲ್ಬ್ ಉರಿಯಬೇಕು, 90 ವಾಟ್ ಬೇಕು. ಈಗ ನಿಮ್ಮ ಪ್ರೊಜೆಕ್ಟರಿನ ಹಿಂದೆ ಅಂಟಿಸಿದ ಚೀಟಿ ನೋಡಿ. ನಿಮ್ಮಂತೆಯೇ ಮೋಸ ಹೋದವರೊಬ್ಬರು ಹೊತ್ತು ತಂದ ಡಬ್ಬದಲ್ಲಿ ಒಟ್ಟು 60 ವಾಟ್ ಎಂದಿತ್ತು, ಅದರಲ್ಲಿ ಫ್ಯಾನೂ ಸ್ಪೀಕರೂ ಸೇರಿತ್ತು. ಇನ್ನು ಬಲ್ಬಿನ ಬೆಳಕೆಲ್ಲ ಹೊರಗೆ ಬರುವುದೂ ಇಲ್ಲ. ಈ ಅಗ್ಗದ ಡಬ್ಬಗಳಲ್ಲಿ ಅದು ಒಂದು ಎಲ್‌ಸಿಡಿ ಗಾಜನ್ನು ದಾಟಿ, ಪ್ಲಾಸ್ಟಿಕ್ ಫಿಲ್ಟರುಗಳನ್ನು ದಾಟಿ, ಲೆನ್ಸ್ ಮೂಲಕ ಬರಬೇಕು. ಬಹುಪಾಲು ಬೆಳಕು ಅಲ್ಲೇ ಬಿಸಿಯಾಗಿ ಸಾಯುತ್ತದೆ.

ಲೆಕ್ಕಕ್ಕೆ ಬರುವುದು ಆನ್ಸಿ (ಅಮೆರಿಕದ ಮಾನದಂಡ ಸಂಸ್ಥೆ) ಹೇಳಿದ ಹಾಗೆ ಅಳೆದ ಆನ್ಸಿ ಲ್ಯುಮೆನ್, ಇಲ್ಲವೇ ಐಎಸ್‌ಒ 21118 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅಳೆದದ್ದು. ಪರದೆಗೆ ಪೂರ್ತಿ ಬಿಳಿ ಬಿಟ್ಟು, ಅದನ್ನು ಒಂಬತ್ತು ಚೌಕ ಮಾಡಿ, ಪ್ರತಿ ಚೌಕದ ನಡುವೆ ಬೆಳಕು ಅಳೆಯುವ ಮೀಟರ್ ಇಟ್ಟು, ಸರಾಸರಿ ತೆಗೆದು, ಪರದೆಯ ವಿಸ್ತೀರ್ಣದಿಂದ ಗುಣಿಸುವುದು. ಕಷ್ಟದ ಕೆಲಸ ಏನಲ್ಲ. ಆ ಡಬ್ಬಕ್ಕೆ ಹೀಗೆ ಮಾಡಿ ನೋಡಿದೆ, 180 ಬಂತು. ಒಂಬತ್ತು ಸಾವಿರ ಎಲ್ಲಿ, ನೂರ ಎಂಬತ್ತು ಎಲ್ಲಿ ಮಾರಾಯ್ರೆ! ಶಾಲೆಯ ಹಳೆಯದ್ದು ಗೆದ್ದದ್ದರಲ್ಲಿ ಆಶ್ಚರ್ಯ ಇಲ್ಲ, ಅದರ 3000 ನಿಜವಾದ ಅಳತೆಯದ್ದು.

ಆದರೆ ತಪ್ಪು ಡಬ್ಬದ್ದು ಮಾತ್ರ ಅಲ್ಲ, ಸಂಜೆ ಐದು ಗಂಟೆಯದ್ದೂ ಹೌದು. 100 ಇಂಚಿನ ಪರದೆ ಅಂದರೆ 2.21 ಮೀಟರ್ ಅಗಲ, 1.25 ಮೀಟರ್ ಎತ್ತರ, ಸುಮಾರು 2.76 ಚದರ ಮೀಟರ್. 180 ಲ್ಯುಮೆನನ್ನು ಅದರ ಮೇಲೆ ಹರಡಿದರೆ ಚದರ ಮೀಟರಿಗೆ 65, ಇದಕ್ಕೆ ಲಕ್ಸ್ ಎನ್ನುತ್ತಾರೆ. ಬದಿ ತೆರೆದ ಚಪ್ಪರದಲ್ಲಿ ಆ ಹೊತ್ತಿಗೆ ಆಕಾಶದ ಬೆಳಕೇ 1000 ಲಕ್ಸ್ ಸುಲಭವಾಗಿ ಇರುತ್ತದೆ. ಪ್ರೊಜೆಕ್ಟರಿಗೆ ಕಪ್ಪು ಬಿಡಲಿಕ್ಕೆ ಬರುವುದಿಲ್ಲ, ಕಪ್ಪು ಅಂದರೆ ಅದು ಬೆಳಕು ಬಿಡದ ಜಾಗ ಅಷ್ಟೇ. ಹಾಗಾಗಿ ನಿಮ್ಮ ಪರದೆಯಲ್ಲಿ ಕಪ್ಪು 1000, ಬಿಳಿ 1065. ಇಷ್ಟು ಸಣ್ಣ ವ್ಯತ್ಯಾಸದಲ್ಲಿ ಚೆಂಡು ಹುಡುಕುತ್ತಿದ್ದೀರಿ! ಡಬ್ಬದಲ್ಲಿ ಕಾಂಟ್ರಾಸ್ಟ್ 10000:1, ಅಂದರೆ ಬಿಳಿ ಕಪ್ಪಿನ ಹತ್ತು ಸಾವಿರ ಪಟ್ಟು ಎಂದು ಬರೆದಿರುತ್ತದಲ್ಲ, ಅದು ಕತ್ತಲ ಕೋಣೆಯ ಮಾತು, ಅಲ್ಲಿಯೂ ಹೆಚ್ಚಿನವರು ಉಬ್ಬಿಸಿಯೇ ಹೇಳುತ್ತಾರೆ.

ಏನು ಮಾಡಬಹುದು? ಕತ್ತಲಾಗುವವರೆಗೆ ಕಾಯಿರಿ. ಟ್ಯೂಬ್‌ಲೈಟ್ ಆರಿಸಿ. ಸುತ್ತಲಿನ ಬೆಳಕು 2 ಲಕ್ಸಿಗೆ ಇಳಿದರೆ ಅದೇ ಬಡಪಾಯಿ ಡಬ್ಬದಲ್ಲಿ ಬಿಳಿ ಕಪ್ಪಿನ 33 ಪಟ್ಟು ಆಗುತ್ತದೆ, ನೋಡುವ ಹಾಗೆ ಇರುತ್ತದೆ. ಪರದೆ ಅರ್ಧ ಅಗಲ ಮಾಡಿದರೆ ವಿಸ್ತೀರ್ಣ ಕಾಲು ಭಾಗಕ್ಕೆ ಇಳಿದು ಬೆಳಕು ನಾಲ್ಕು ಪಟ್ಟು ಆಗುತ್ತದೆ, ಆದರೆ ಸಂಘದವರು ಯಾರೂ ಇದಕ್ಕೆ ಒಪ್ಪುವುದಿಲ್ಲ, ಎಲ್ಲರಿಗೂ ಪಕ್ಕದ ಊರಿನವರಿಗಿಂತ ದೊಡ್ಡದೇ ಬೇಕು. ಐದು ಗಂಟೆಗೇ ತೋರಿಸಬೇಕು ಎಂದು ಹಟ ಇದ್ದರೆ ಬಾಡಿಗೆಗೆ 5000 ಆನ್ಸಿ ಲ್ಯುಮೆನಿನದ್ದು ತಂದರೂ ಬಿಳಿ ಕಪ್ಪಿನ ಮೂರು ಪಟ್ಟೂ ಆಗುವುದಿಲ್ಲ. ಆಗ ಎಲ್‌ಇಡಿ ವಾಲ್ ಒಂದೇ ದಾರಿ, ಅಂದರೆ ತಾನೇ ಬೆಳಗುವ ಚುಕ್ಕಿಗಳ ದೊಡ್ಡ ಪರದೆ. ಅದರಲ್ಲಿ ಪಿ4 ಅಂದರೆ ಚುಕ್ಕಿಯಿಂದ ಚುಕ್ಕಿಗೆ 4 ಮಿಲಿಮೀಟರ್. ಮುಂದಿನ ಸಾಲಿನ ಕುರ್ಚಿ ನಾಲ್ಕು ಮೀಟರಿಗಿಂತ ಹತ್ತಿರ ಹಾಕಬೇಡಿ, ಚುಕ್ಕಿ ಕಾಣುತ್ತದೆ.

ಪ್ರಶ್ನೆ: "1080ಪಿ ಸಪೋರ್ಟ್" ಎಂದರೆ ಫುಲ್ ಎಚ್‌ಡಿ ಅಲ್ವಾ?

ಅಲ್ಲ. ಆ ಸಿಗ್ನಲ್ ಕೊಟ್ಟರೆ ತೆಗೆದುಕೊಳ್ಳುತ್ತದೆ, ಅಷ್ಟೇ. "ನೇಟಿವ್" (ಪ್ರೊಜೆಕ್ಟರಿನೊಳಗೆ ನಿಜವಾಗಿ ಇರುವ ಚುಕ್ಕಿಗಳ ಲೆಕ್ಕ) ಎಂಬ ಶಬ್ದದ ಎದುರು 1920x1080 ಇದೆಯಾ ನೋಡಿ. ಅಗ್ಗದ್ದರಲ್ಲಿ ಅಲ್ಲಿ 1280x720 ಅಥವಾ ಅದಕ್ಕಿಂತ ಕಡಿಮೆ ಇರುತ್ತದೆ.

ಪ್ರಶ್ನೆ: ಎಷ್ಟು ದೂರ ಇಡಬೇಕು?

ದೂರ ಪರದೆಯ ಅಗಲದ ಎಷ್ಟು ಪಟ್ಟು ಇರಬೇಕು ಎಂಬುದಕ್ಕೆ ಥ್ರೋ ರೇಶಿಯೋ ಎನ್ನುತ್ತಾರೆ, ಅದನ್ನು ಪರದೆಯ ಅಗಲದಿಂದ ಗುಣಿಸಿ. 1.5 ಇದ್ದರೆ 100 ಇಂಚಿಗೆ 3.3 ಮೀಟರ್. ಖರೀದಿಸುವ ಮೊದಲು ಟೇಪ್ ಹಿಡಿದು ಕೋಣೆ ಅಳೆಯಿರಿ. ಮತ್ತೆ ಮೂಲೆಯಲ್ಲಿ ಓರೆಯಾಗಿ ಇಟ್ಟು, ಓರೆ ಚಿತ್ರವನ್ನು ನೆಟ್ಟಗೆ ಮಾಡುವ ಕೀಸ್ಟೋನ್‌ನಲ್ಲಿ ಸರಿ ಮಾಡುತ್ತೇನೆ ಎನ್ನಬೇಡಿ, ಅದು ಪಿಕ್ಸೆಲ್ ಕತ್ತರಿಸಿ ಚೌಕ ಮಾಡುವ ಉಪಾಯ.

ಪ್ರಶ್ನೆ: ಚಿನ್ನದ ಲೇಪದ ಎಚ್‌ಡಿಎಂಐ ಕೇಬಲ್ ಹಾಕಿದರೆ ಬಣ್ಣ ಚೆನ್ನಾಗಿ ಬರುತ್ತದಂತೆ?

ಇಲ್ಲ.

ಪ್ರಶ್ನೆ: ಹಳೆಯ ಪ್ರೊಜೆಕ್ಟರಿನಲ್ಲಿ "ಲ್ಯಾಂಪ್ ಬದಲಾಯಿಸಿ" ಎಂದು ಬರುತ್ತಿತ್ತು. ರಿಪೇರಿಯವರು 500 ರೂಪಾಯಿಗೆ "ಲ್ಯಾಂಪ್ ಸರ್ವಿಸ್" ಮಾಡಿಕೊಟ್ಟರು. ಮೆಸೇಜ್ ಹೋಯಿತು, ಮಂಕು ಹೋಗಲಿಲ್ಲ.

ಲ್ಯಾಂಪಿಗೆ ಸರ್ವಿಸ್ ಎಂಬುದೇ ಇಲ್ಲ. ಅವರು ಮೆನುವಿಗೆ ಹೋಗಿ ಗಂಟೆಯ ಲೆಕ್ಕ ಸೊನ್ನೆ ಮಾಡಿದ್ದಾರೆ, ಅದನ್ನು ನೀವೂ ಒಂದು ನಿಮಿಷದಲ್ಲಿ ಮಾಡಬಹುದು, ಆದರೆ ಮಾಡಬಾರದು. ಲ್ಯಾಂಪ್ ಲೈಫ್ ಅಂದರೆ ಬೆಳಕು ಅರ್ಧಕ್ಕೆ ಇಳಿಯುವವರೆಗಿನ ಗಂಟೆಗಳು. ಎಲ್‌ಇಡಿ, ಲೇಸರಿಗೆ ಸಾಮಾನ್ಯವಾಗಿ 20,000 ಎನ್ನುತ್ತಾರೆ, ಹಳೆಯ ಲ್ಯಾಂಪಿಗೆ ಕೆಲವೇ ಸಾವಿರ. ಆ ಲ್ಯಾಂಪಿನೊಳಗೆ ಭಾರೀ ಒತ್ತಡದಲ್ಲಿ ಪಾದರಸ ಇರುತ್ತದೆ, ಗಂಟೆ ಮೀರಿದ ಮೇಲೂ ಉರಿಸಿದರೆ ಒಡೆಯಬಹುದು. ಒಡೆದರೆ ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿ ತೆರೆಯಿರಿ, ಚೂರನ್ನು ಬರಿಗೈಯಲ್ಲಿ ಮುಟ್ಟಬೇಡಿ. ನಮ್ಮ ಊರಿನ ಕರೆಂಟಿನ ಕಥೆ ನಿಮಗೆ ಗೊತ್ತೇ ಉಂಟು. ನಡುವೆ ಕರೆಂಟ್ ಹೋದರೆ ಫ್ಯಾನ್ ನಿಂತು ಬಿಸಿ ಲ್ಯಾಂಪ್ ಅಲ್ಲೇ ಬೇಯುತ್ತದೆ, ಹಾಗಾಗಿ ಒಂದು ಸಣ್ಣ ಯುಪಿಎಸ್ ಹಾಕಿ. ಮತ್ತೆ ಆ ರಿಪೇರಿಯವರ ಹತ್ತಿರ ಹೋಗಿ ನಿಮ್ಮ 500 ರೂಪಾಯಿ ವಾಪಸ್ ಕೇಳಿ.