ಸಾವಯವ ಕಾಳು ತಿಂದರೂ ಮೊಟ್ಟೆಯ ಸಿಪ್ಪೆ ತೆಳುವೇಕೆ?

ಪ್ರಶ್ನೆ: ನಮ್ಮ ಹಿತ್ತಲಲ್ಲಿ 12 ಗಿರಿರಾಜ ಹೇಂಟೆಗಳಿವೆ. ಅಂಗಡಿಯ ಮೂಟೆ ಆಹಾರ ಬಿಟ್ಟು, ಮೂರು ತಿಂಗಳಿಂದ ನಮ್ಮ ಹೊಲದಲ್ಲೇ ಸಾವಯವವಾಗಿ ಬೆಳೆದ ರಾಗಿ, ಜೋಳ, ಮುಸುಕಿನ ಜೋಳ ಮಾತ್ರ ಹಾಕುತ್ತಿದ್ದೇವೆ. ಮೊಟ್ಟೆ ಕಡಿಮೆಯಾಗಿದೆ, ಕೆಲವು ಕೈಯಲ್ಲಿ ಹಿಡಿದರೇ ಒಡೆಯುತ್ತವೆ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಲ್ಲವೇ?
– ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ನಿಮ್ಮ ಕಾಳಿನಲ್ಲಿ ದೋಷವಿಲ್ಲ, ಕಾಳನ್ನೇ ಪೂರ್ತಿ ಊಟವಾಗಿಸಿದ್ದು ತೊಂದರೆಯಾಗಿದೆ. ಸಾವಯವ ಎಂಬುದು ಕಾಳು ಬೆಳೆದ ಬಗೆಯನ್ನು ಹೇಳುತ್ತದೆಯೇ ಹೊರತು ಅದರೊಳಗೆ ಏನಿದೆ ಎಂಬುದನ್ನಲ್ಲ.

ರಾಗಿಯ ಲೆಕ್ಕವನ್ನೇ ನೋಡೋಣ. ಮನುಷ್ಯರ ಧಾನ್ಯಗಳಲ್ಲಿ ಅದು ಕ್ಯಾಲ್ಸಿಯಂಗೆ ಹೆಸರಾದದ್ದು ನಿಜ, ಆದರೆ 100 ಗ್ರಾಂ ರಾಗಿಯಲ್ಲಿರುವುದು ಸುಮಾರು 350 ಮಿಲಿಗ್ರಾಂ ಮಾತ್ರ. ಒಂದು ಮೊಟ್ಟೆಯ ಸಿಪ್ಪೆಗೇ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ತಿಂದದ್ದೆಲ್ಲ ಮೈಗೆ ಹತ್ತದ ಕಾರಣ ಮೊಟ್ಟೆಯಿಡುವ ಕೋಳಿಗೆ ದಿನಕ್ಕೆ 4 ಗ್ರಾಂನಷ್ಟು ಬೇಕು. ಆ ಕೊರತೆಯನ್ನು ಹೇಂಟೆ ತನ್ನ ಮೂಳೆಯಿಂದ ತುಂಬಿಕೊಳ್ಳುತ್ತದೆ, ಅದೂ ಸಾಲದಾದಾಗ ಸಿಪ್ಪೆ ತೆಳುವಾಗುತ್ತದೆ. ಪ್ರೋಟೀನಿನದೂ ಇದೇ ಕಥೆ: ಮೊಟ್ಟೆ ಕೋಳಿಯ ಆಹಾರದಲ್ಲಿ ಶೇ 16ರಿಂದ 18ರಷ್ಟು ಪ್ರೋಟೀನ್ ಇರಬೇಕು, ರಾಗಿಯಲ್ಲಿ ಶೇ 7, ಮುಸುಕಿನ ಜೋಳದಲ್ಲಿ ಶೇ 9ರ ಆಸುಪಾಸು.

ಅಜ್ಜಿಯ ಕಾಲದಲ್ಲಿ ಹಿಡಿ ರಾಗಿ ಎರಚಿದರೆ ಸಾಕಿತ್ತಲ್ಲ ಎಂದು ನೀವು ಕೇಳಬಹುದು. ಆ ನಾಟಿ ಕೋಳಿಗಳು ಹಗಲಿಡೀ ತಿಪ್ಪೆ ಕೆದಕಿ ಹುಳು, ಗೆದ್ದಲು ತಿನ್ನುತ್ತಿದ್ದವು, ಮೊಟ್ಟೆಯನ್ನೂ ಕಡಿಮೆಯೇ ಇಡುತ್ತಿದ್ದವು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜದ ಮೈಕಟ್ಟೂ ದೊಡ್ಡದು, ಬೇಡಿಕೆಯೂ ದೊಡ್ಡದು.

ಆದ್ದರಿಂದ ಮೊಟ್ಟೆ ಕೋಳಿಯ ಸಮತೋಲಿತ ಆಹಾರವನ್ನು ವಾರವೊಂದರಲ್ಲಿ ಹಂತಹಂತವಾಗಿ ಮರಳಿ ತನ್ನಿ. ಕಾಳು ಒಟ್ಟು ಮೇವಿನ ಹತ್ತನೇ ಒಂದು ಭಾಗ ಮೀರಬಾರದು. 12 ಹೇಂಟೆಗಳಿಗೂ ಸೇರಿ ದಿನಕ್ಕೆ 150 ಗ್ರಾಂ, ಅಂದರೆ ಒಂದು ಪಾವಿಗಿಂತ ಕಡಿಮೆ. ಅದನ್ನು ಬೆಳಿಗ್ಗೆ ಹಾಕಿದರೆ ರುಚಿಗೆ ಮರುಳಾಗಿ ಸಮತೋಲಿತ ಆಹಾರ ಬಿಡುತ್ತವೆ. ಸಂಜೆ ಗೂಡು ಸೇರುವ ಮುನ್ನ ಒಣ ಎಲೆಯ ಮೇಲೆ ಚೆಲ್ಲಿ: ಕೆದಕುವ ಚಟವೂ ತೀರುತ್ತದೆ, ಎಲ್ಲವೂ ಗೂಡಿನತ್ತ ಬರುತ್ತವೆ. ಹೊಟ್ಟೆಯೊಳಗೆ ಕಾಳು ಅರೆಯಲು ಕೋಳಿಗಳಿಗೆ ಸಣ್ಣ ಹರಳುಕಲ್ಲು ಸಿಗುವಂತಿರಲಿ. ಪುಡಿ ಮಾಡಿದ ಕಪ್ಪೆಚಿಪ್ಪನ್ನು ಬೇರೆ ಬಟ್ಟಲಲ್ಲಿಟ್ಟರೆ ಬೇಕಾದಷ್ಟನ್ನು ತಾವೇ ಹೆಕ್ಕಿಕೊಳ್ಳುತ್ತವೆ. ಎಲೆ ಅಡಿಕೆಗೆ ಬಳಸುವ ಸುಣ್ಣ ಮಾತ್ರ ಬೇಡ, ಅದು ಬಾಯಿ ಸುಡುತ್ತದೆ.

ಸಾವಯವ ಕಾಳಿಗೂ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಮುಸುಕಿನ ಜೋಳವನ್ನು ಹಲ್ಲಿನಲ್ಲಿ ಕಚ್ಚಿ ನೋಡಿ, ಟಕ್ಕನೆ ಒಡೆಯದೆ ಮೆತ್ತಗಿದ್ದರೆ ಇನ್ನೂ ಒಣಗಬೇಕು. ಮುಗ್ಗಲು ವಾಸನೆಯ ಕಾಳನ್ನು ಕೋಳಿಗೆ ಹಾಕಲೇಬೇಡಿ, ಬೂಷ್ಟಿನಿಂದಾಗುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತನ್ನು ಕೆಡಿಸುತ್ತದೆ.

ಸಾಮಾನ್ಯವಾಗಿ ಎರಡು ವಾರಗಳಲ್ಲಿ ಸಿಪ್ಪೆ ಗಟ್ಟಿಯಾಗುತ್ತದೆ, ಮೊಟ್ಟೆಯ ಸಂಖ್ಯೆ ಏರಲು ಇನ್ನಷ್ಟು ದಿನ ಬೇಕು. ಆಮೇಲೂ ಸಿಪ್ಪೆ ತೆಳುವಾಗಿಯೇ ಇದ್ದರೆ ಅಥವಾ ಕೋಳಿಗಳು ಕೆಮ್ಮತೊಡಗಿದರೆ ಕಾರಣ ಮೇವಿನಲ್ಲಿಲ್ಲದಿರಬಹುದು, ಪಶುವೈದ್ಯರಿಗೆ ತೋರಿಸಿ.