ಅಂಗಡಿ ತುಂಬ ಆ್ಯಪ್, ಬೇಕಾದ್ದು ಮಾತ್ರ ಇಲ್ಲ

ಈ ಸಲ ಬಂದ ಪತ್ರಗಳಲ್ಲಿ ಅರ್ಧದಷ್ಟು ಫೋನ್ ಬಗ್ಗೆಯೇ. ನಾನು ವರ್ಷಗಟ್ಟಲೆ ಆ್ಯಪ್ ಬರೆದೇ ಹೊಟ್ಟೆ ಹೊರೆದವಳು. ಹಾಗಾಗಿ ಆಸೆ ತಡೆಯಲಾಗದೆ ಐದನ್ನು ಎತ್ತಿಕೊಂಡಿದ್ದೇನೆ. ಮೊದಲೆರಡಕ್ಕೆ ಉತ್ತರ ಸ್ವಲ್ಪ ಉದ್ದವಾಗಿದೆ, ಸಹಿಸಿಕೊಳ್ಳಿ.

ಪ್ರಶ್ನೆ: ಮೇಡಂ, ನನ್ನ ಹತ್ತಿರ ಹತ್ತು ವರ್ಷಕ್ಕೂ ಹಳೆಯ ಸ್ಮಾರ್ಟ್‌ಫೋನ್ ಇದೆ. ಒಂದು ಗೀರು ಬಿದ್ದಿಲ್ಲ. ಫೋಟೋ ಈಗಲೂ ಸೊಗಸಾಗಿ ಬರುತ್ತದೆ. ಆದರೆ ಅದರಲ್ಲಿ ಈಗ ಒಂದು ಆ್ಯಪ್ ಕೂಡ ಇಳಿಸಿಕೊಳ್ಳಲು ಆಗುವುದಿಲ್ಲ. ಕೆಡದ ಫೋನ್ ಸತ್ತಿದ್ದು ಹೇಗೆ? — ಒಬ್ಬ ನಿವೃತ್ತ ಮೇಷ್ಟ್ರು

ಉತ್ತರ: ಮೇಷ್ಟ್ರೇ, ಕಂಪನಿಯ ಹೆಸರು ನೀವು ಬರೆದಿದ್ದೀರಿ, ನಾನು ಹಾಕುತ್ತಿಲ್ಲ. ಫೋನ್ ನಡೆಸುವ ಮೂಲ ತಂತ್ರಾಂಶಕ್ಕೆ ಓಎಸ್ ಅಂತಾರೆ, ಈ ಗತಿ ಕಂಡ ಓಎಸ್‌ಗಳು ಒಂದೆರಡಲ್ಲ. ಸಿಂಬಿಯನ್, ವೆಬ್‌ಓಎಸ್, ಬಡಾ, ಬ್ಲ್ಯಾಕ್‌ಬೆರಿ 10, ವಿಂಡೋಸ್ ಫೋನ್, ಫೈರ್‌ಫಾಕ್ಸ್ ಓಎಸ್. ಯಾವುದೂ ಯಂತ್ರ ಕೆಟ್ಟು ಹೋಗಿದ್ದಲ್ಲ. ಆ್ಯಪ್ ಬರೆಯುವವರು ಕೈ ಬಿಟ್ಟರು, ಇಲ್ಲವೇ ಹತ್ತಿರಕ್ಕೇ ಬರಲಿಲ್ಲ.

2007ರ ಜೂನ್‌ನಲ್ಲಿ ಐಫೋನ್ ಮಾರಾಟಕ್ಕೆ ಬಂದಾಗ ಅದರಲ್ಲಿ ಆ್ಯಪ್ ಅಂಗಡಿಯೇ ಇರಲಿಲ್ಲ. ಹೊರಗಿನವರು ಬೇಕಾದರೆ ಬ್ರೌಸರ್‌ನಲ್ಲಿ ಓಡುವಂಥದ್ದನ್ನು ಮಾಡಿಕೊಳ್ಳಲಿ ಎಂದಿತ್ತು ಆ್ಯಪಲ್. ಆಮೇಲೆ ಮನಸ್ಸು ಬದಲಾಯಿತು. 2008ರ ಜುಲೈ 10ರಂದು ಸುಮಾರು 500 ಆ್ಯಪ್ ಇಟ್ಟುಕೊಂಡು ಅಂಗಡಿ ತೆರೆಯಿತು. ಮೊದಲ ವಾರಾಂತ್ಯಕ್ಕೇ ಒಂದು ಕೋಟಿ ಡೌನ್‌ಲೋಡ್. ಗೂಗಲ್ ಕೂಡ ಸುಮ್ಮನಿರಲಿಲ್ಲ. ಒಂದು ಆಂಡ್ರಾಯ್ಡ್ ಫೋನೂ ಮಾರಾಟಕ್ಕೆ ಬರುವ ಮುಂಚೆಯೇ, ಒಳ್ಳೆ ಆ್ಯಪ್ ಬರೆದವರಿಗೆ ಒಟ್ಟು ಒಂದು ಕೋಟಿ ಡಾಲರ್ ಬಹುಮಾನ ಎಂದು ಸಾರಿಬಿಟ್ಟಿತ್ತು.

ಆಗ ದೊಡ್ಡಣ್ಣ ನೋಕಿಯಾ. 2007ರಲ್ಲಿ ಮಾರಾಟವಾದ ಸ್ಮಾರ್ಟ್‌ಫೋನ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನೋಕಿಯಾ ಬಳಸುತ್ತಿದ್ದ ಸಿಂಬಿಯನ್‌ನವು. ನಾಲ್ಕೇ ವರ್ಷ ಕಳೆದಿತ್ತು. 2011ರ ಫೆಬ್ರವರಿಯಲ್ಲಿ ನೋಕಿಯಾ ಮುಖ್ಯಸ್ಥ ಸ್ಟೀಫನ್ ಇಲಾಪ್ ನೌಕರರಿಗೆ ಒಂದು ಪತ್ರ ಬರೆದರು. ನಡುಸಮುದ್ರದಲ್ಲಿ ಹೊತ್ತಿ ಉರಿಯುವ ತೈಲದ ಕಟ್ಟೆ ಮೇಲೆ ನಿಂತವನ ಕಥೆಯಿಂದ ಶುರುವಾಗುವ ಪತ್ರ ಅದು. ಹೇಳಿದ್ದು ಇಷ್ಟು: ಎದುರಾಳಿಗಳು ಬರೀ ಫೋನ್ ತೋರಿಸಿ ನಮ್ಮ ಗಿರಾಕಿಗಳನ್ನು ಒಯ್ಯುತ್ತಿಲ್ಲ, ಆ್ಯಪ್, ಡೆವಲಪರ್, ಜಾಹೀರಾತು ಎಲ್ಲ ಸೇರಿದ ಇಡೀ ಸಂಸಾರ ತೋರಿಸಿ ಒಯ್ಯುತ್ತಿದ್ದಾರೆ. ರೋಗವನ್ನು ಸರಿಯಾಗಿಯೇ ಗುರುತಿಸಿದ್ದರು. ಮದ್ದು ಎಂದು ತೆಗೆದುಕೊಂಡಿದ್ದು ಮಾತ್ರ ಮೈಕ್ರೋಸಾಫ್ಟ್‌ನ ವಿಂಡೋಸ್ ಫೋನ್.

ವಿಂಡೋಸ್ ಫೋನ್ ಕೆಟ್ಟದಾಗಿತ್ತು ಅಂತ ನಾನು ಹೇಳಲಾರೆ. ಸರಸರ ಓಡುತ್ತಿತ್ತು. ನೋಡಲು ಬೇರೆ ಯಾರ ನಕಲೂ ಆಗಿರಲಿಲ್ಲ. 2013ರಲ್ಲಿ ಬಂದ ನೋಕಿಯಾದ ಲೂಮಿಯಾ 1020ರಲ್ಲಿ 41 ಮೆಗಾಪಿಕ್ಸೆಲ್ ಕ್ಯಾಮೆರಾ ಇತ್ತು. ಆದರೆ ಅಷ್ಟು ಒಳ್ಳೆ ಕ್ಯಾಮೆರಾ ಹೊರಬಂದಾಗ ಅದಕ್ಕೆ ಇನ್‌ಸ್ಟಾಗ್ರಾಂ ಇರಲಿಲ್ಲ! ಐಫೋನಿಗೆ 2010ರಲ್ಲಿ, ಆಂಡ್ರಾಯ್ಡ್‌ಗೆ 2012ರಲ್ಲಿ ಬಂದ ಆ್ಯಪ್ ವಿಂಡೋಸ್ ಫೋನಿಗೆ ಕಾಲಿಟ್ಟಿದ್ದು 2013ರ ನವೆಂಬರ್‌ನಲ್ಲಿ. ಯೂಟ್ಯೂಬ್ ಆ್ಯಪನ್ನು ಮೈಕ್ರೋಸಾಫ್ಟ್ ತಾನೇ ಬರೆದುಕೊಂಡಿತು, ಅದನ್ನು ಗೂಗಲ್ ತಡೆಯಿತು. ಆ್ಯಪ್ ಇಲ್ಲ ಅಂತ ಜನ ಬರಲ್ಲ, ಜನ ಇಲ್ಲ ಅಂತ ಆ್ಯಪ್ ಬರಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅಂತಾರಲ್ಲ, ಅದೇ.

ಕೊನೆ ಪೆಟ್ಟು ಕೊಟ್ಟಿದ್ದು ವಾಟ್ಸ್‌ಆ್ಯಪ್ ಅನ್ನಬಹುದು. 2019ರ ಡಿಸೆಂಬರ್ 31ರ ನಂತರ ಅದು ವಿಂಡೋಸ್ ಫೋನ್‌ಗಳಲ್ಲಿ ನಿಂತುಹೋಯಿತು. ಬ್ಲ್ಯಾಕ್‌ಬೆರಿ 10ರಲ್ಲಿ ಅದಕ್ಕೂ ಎರಡು ವರ್ಷ ಮೊದಲೇ ನಿಂತಿತ್ತು. ನಿಮ್ಮ ಫೋನನ್ನು ಎಸೆಯಬೇಡಿ ಮೇಷ್ಟ್ರೇ. ಕ್ಯಾಮೆರಾ ಎಂದುಕೊಂಡು ಇಟ್ಟುಕೊಳ್ಳಿ.

ಪ್ರಶ್ನೆ: ಆ್ಯಪ್ ಬರೆದುಕೊಟ್ಟರೆ ಕಂಪನಿಗಳೇ ದುಡ್ಡು ಕೊಡುತ್ತಿದ್ದವಂತೆ, ನಿಜವೇ? ದುಡ್ಡು ಕೊಟ್ಟರೂ ಡೆವಲಪರ್‌ಗಳು ಯಾಕೆ ಬರಲಿಲ್ಲ? — ಬಿಸಿಎ ವಿದ್ಯಾರ್ಥಿನಿ

ಉತ್ತರ: ನಿಜ. ಬಂದರು ಕೂಡ. ಬಂದವರಲ್ಲಿ ನಾನೂ ಒಬ್ಬಳು, ಅದೇ ತೊಂದರೆ.

ಒಂದು ಕಂಪನಿ, ಹೆಸರು ಬೇಡ, ಹೊಸ ಫೋನಿಗೆ ಆ್ಯಪ್ ಬರೆದವರಿಗೆ ಇಂತಿಷ್ಟು ಎಂದು ಪ್ರಕಟಿಸಿತ್ತು. ನಾನು ಒಂದೇ ರಾತ್ರಿಯಲ್ಲಿ ಟಾರ್ಚ್ ಆ್ಯಪ್ ಬರೆದೆ. ಟಾರ್ಚ್ ಅಂದರೆ ಏನು, ಪರದೆ ಪೂರ್ತಿ ಬಿಳಿ ಮಾಡುವುದು, ಅಷ್ಟೇ. ಮೂಲೆಯಲ್ಲಿ ಒಂದು ಸಣ್ಣ ಬಟನ್. ಬಿಳಿ ಪರದೆ ಮೇಲೆ ಆ ಬಟನ್ನೂ ಬಿಳಿ ಎಂಬುದು ಕಳಿಸಿದ ಮೇಲೆ ಗೊತ್ತಾಯಿತು. ಮೊದಲ ಸಲ ವಾಪಸ್ ಬಂತು. ಕಾರಣ ಬಟನ್ ಅಲ್ಲ, ಐಕಾನ್ ನಾಲ್ಕು ಪಿಕ್ಸೆಲ್ ಚಿಕ್ಕದಾಗಿತ್ತಂತೆ! ಐಕಾನ್ ಹಿಗ್ಗಿಸಿ ಮತ್ತೆ ಕಳಿಸಿದೆ, ಪಾಸಾಯಿತು. ಬಂದ ಮೊದಲ ವಿಮರ್ಶೆ, ಒಂದೇ ನಕ್ಷತ್ರ: "ಇದನ್ನು ಆರಿಸೋದು ಹೇಗೆ?"

ದುಡ್ಡು ಬಂತು. ಆ್ಯಪನ್ನು ನಾನು ಮತ್ತೆ ಮುಟ್ಟಲಿಲ್ಲ. ಬಟನ್ ಇಂದಿಗೂ ಬಿಳಿಯೇ ಇದ್ದಿರಬೇಕು, ಅಂಗಡಿ ಇದ್ದಿದ್ದರೆ.

ನನ್ನಂಥವರು ಸಾವಿರಾರು ಜನ ಇದ್ದರು. 2013ರ ಜನವರಿಯಲ್ಲಿ, ಹೊಸ ಫೋನ್ ಬಿಡುಗಡೆಗೆ ಮುಂಚೆ, ಬ್ಲ್ಯಾಕ್‌ಬೆರಿ ಕಂಪನಿ ಆ್ಯಪ್ ಒಂದಕ್ಕೆ 100 ಡಾಲರ್ ಎಂದು ಸ್ಪರ್ಧೆ ಇಟ್ಟಿತು. ಮೂವತ್ತೇಳೂವರೆ ಗಂಟೆಯಲ್ಲಿ 15,000 ಆ್ಯಪ್ ಬಂದವು. ಜನವರಿ 30ರಂದು ಫೋನ್ ಹೊರಬಂದಾಗ ಅಂಗಡಿಯಲ್ಲಿ 70,000 ಆ್ಯಪ್ ಇವೆ ಎಂದು ಹೇಳಿಕೊಂಡರು. ಅದೇ ವರ್ಷದ ಆಗಸ್ಟ್‌ನಲ್ಲಿ ಯಾರೋ ಎಣಿಸಲು ಕೂತರು. ಸುಮಾರು 1,20,000 ಆ್ಯಪ್‌ಗಳಲ್ಲಿ 47,000ದಷ್ಟು ಒಂದೇ ಒಂದು ಸಂಸ್ಥೆಯವು! ಇನ್‌ಸ್ಟಾಗ್ರಾಂ ಎಲ್ಲಿ ಅಂತ ಹುಡುಕಿದವರಿಗೆ ಮಾತ್ರ ಅದು ಸಿಗಲಿಲ್ಲ.

ಮೈಕ್ರೋಸಾಫ್ಟ್ ಕೂಡ 2013ರ ಮಾರ್ಚ್‌ನಲ್ಲಿ ಅಮೆರಿಕದ ಡೆವಲಪರ್‌ಗಳಿಗೆ ಆ್ಯಪ್‌ಗೆ 100 ಡಾಲರ್, ಒಬ್ಬರಿಗೆ ಹೆಚ್ಚೆಂದರೆ 2,000 ಡಾಲರ್ ಕೊಡುವ ಯೋಜನೆ ತಂದಿತು.

ಇಲ್ಲಿ ಒಂದು ಲೆಕ್ಕ ತಪ್ಪಿತು ನೋಡಿ. ನೂರು ಡಾಲರ್‌ಗೆ ಆಸೆ ಪಡುವವರು ನನ್ನಂಥ ಟಾರ್ಚಿನವರು. ಕೋಟ್ಯಂತರ ಜನ ಬಳಸುವ ಆ್ಯಪ್ ಮಾಡಿದವರಿಗೆ ಅದು ಒಂದು ಹೊತ್ತಿನ ಕಾಫಿ ಖರ್ಚು. ಅವರಿಗೆ ಆ್ಯಪ್ ಬರೆಯುವುದೂ ಖರ್ಚಲ್ಲ. ಬರೆದ ಮೇಲೆ ಸಾಕಬೇಕಲ್ಲ, ಅದು ಖರ್ಚು. ಐಫೋನಿಗೆ, ಆಂಡ್ರಾಯ್ಡ್‌ಗೆ ಬರೆದ ಪ್ರತಿ ಹೊಸ ಸೌಲಭ್ಯವನ್ನೂ ಮೂರನೇ ಸಲ ಬರೆಯಬೇಕು, ಮೂರನೇ ಸಲ ಪರೀಕ್ಷೆ ಮಾಡಬೇಕು, ಅದಕ್ಕೆ ಬೇರೆ ತಂಡ ಇಡಬೇಕು.

ಇನ್ನೊಂದು, ನಂಬಿಕೆ. 2012ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಫೋನ್ 8 ತೋರಿಸಿತು. ಆಗ ಅಂಗಡಿಯಲ್ಲಿದ್ದ ವಿಂಡೋಸ್ ಫೋನ್ ಯಾವುದಕ್ಕೂ ಆ ಅಪ್‌ಡೇಟ್ ಇಲ್ಲ ಎಂದೂ ಜೊತೆಗೇ ಹೇಳಿತು. ಲೂಮಿಯಾ 900 ಅಮೆರಿಕದಲ್ಲಿ ಮಾರಾಟಕ್ಕೆ ಬಂದು ಎರಡು ತಿಂಗಳು ಆಗಿತ್ತಷ್ಟೇ. ಗಿರಾಕಿಗೂ ಸಿಟ್ಟು, ಡೆವಲಪರ್‌ಗೂ ಸಿಟ್ಟು. ಎರಡು ಮೂರು ವರ್ಷಕ್ಕೊಮ್ಮೆ ಆ್ಯಪ್ ಬರೆಯುವ ರೀತಿಯೇ ಬದಲಾಗುತ್ತಿತ್ತು. ಮನೆ ಮಾಲೀಕ ಪದೇ ಪದೇ ಗೋಡೆ ಒಡೆಯುತ್ತಿದ್ದರೆ ಬಾಡಿಗೆಯವರು ಎಷ್ಟು ದಿನ ಇರ್ತಾರೆ? ನೋಕಿಯಾದ ಫೋನ್ ವ್ಯವಹಾರವನ್ನು 2014ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಮರುವರ್ಷವೇ 760 ಕೋಟಿ ಡಾಲರ್ ನಷ್ಟ ಎಂದು ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡಿತು.

ಪ್ರಶ್ನೆ: ಆ್ಯಪ್ ಗಳಿಕೆಯಲ್ಲಿ ಶೇ 30 ಫೋನ್ ಕಂಪನಿಗೆ ಹೋಗುತ್ತದಂತೆ. ಡೆವಲಪರ್‌ಗಳನ್ನು ಓಲೈಸುವವರು ಇಷ್ಟು ಕಿತ್ತುಕೊಳ್ಳುವುದೇ? — ಒಬ್ಬ ಲೆಕ್ಕಪರಿಶೋಧಕರು

ಉತ್ತರ: ಓಲೈಕೆ ಮದುವೆಗೆ ಮುಂಚಿನದು ಸಾರ್. 2008ರಲ್ಲಿ "ನಿಮಗೆ 70, ನಮಗೆ 30" ಎಂದು ಆ್ಯಪಲ್ ಹೇಳಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಅದಕ್ಕೂ ಮುಂಚೆ ಮೊಬೈಲ್ ಸೇವೆ ಕೊಡುವ ಕಂಪನಿಗಳ ಬಾಗಿಲು ಕಾಯಬೇಕಿತ್ತು. ಎದುರಾಳಿಗಳೆಲ್ಲ ಮಣ್ಣಾಗಿ ಎರಡೇ ಅಂಗಡಿ ಉಳಿದ ಮೇಲೆ ಅದೇ 30 ಕಣ್ಣಿಗೆ ಚುಚ್ಚತೊಡಗಿತು.

2020ರ ಆಗಸ್ಟ್ 13ರಂದು ಎಪಿಕ್ ಗೇಮ್ಸ್ ಬೇಕೆಂದೇ ಕೆಣಕಿತು. ತನ್ನ ಫೋರ್ಟ್‌ನೈಟ್ ಆಟದಲ್ಲಿ 9.99 ಡಾಲರ್‌ನದ್ದನ್ನು ಅಂಗಡಿಯ ಮೂಲಕ ಅಲ್ಲದೆ ನೇರವಾಗಿ ತನ್ನಿಂದಲೇ ಕೊಂಡರೆ 7.99 ಎಂದಿತು. ಅದೇ ದಿನ ಎರಡೂ ಅಂಗಡಿಯಿಂದ ಫೋರ್ಟ್‌ನೈಟ್ ಹೊರಬಿತ್ತು. ಕೇಸು ಕೋರ್ಟಿಗೆ ಹೋಯಿತು. ಅಷ್ಟರಲ್ಲಿ 2021ರಿಂದ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಒಳಗೆ ಗಳಿಸುವ ಸಣ್ಣವರಿಗೆ ಆ್ಯಪಲ್ ಪಾಲನ್ನು ಶೇ 15ಕ್ಕೆ ಇಳಿಸಿತು. ಗೂಗಲ್ ಮೊದಲ ಹತ್ತು ಲಕ್ಷಕ್ಕೆ ಅದೇ ದರ ಹಾಕಿತು. ಯುರೋಪಿನ ಕಾನೂನಿನಿಂದಾಗಿ 2024ರ ಮಾರ್ಚ್‌ನಿಂದ ಅಲ್ಲಿನ ಐಫೋನ್‌ಗಳಲ್ಲಿ ಬೇರೆಯವರ ಆ್ಯಪ್ ಅಂಗಡಿಯೂ ತೆರೆಯಬಹುದು. ನನ್ನ ಮಟ್ಟಿಗೆ ಹೇಳುವುದಾದರೆ, ಪಾಲು ಕೇಳುವುದು ತಪ್ಪಲ್ಲ. ಬೇರೆ ದಾರಿ ಇದೆ ಎಂದು ಆ್ಯಪ್ ಒಳಗೆ ಬರೆಯಲೂ ಬಿಡದಿರುವುದು ತಪ್ಪು.

ಪ್ರಶ್ನೆ: ಹೊಸ ಫೋನ್ ಕೊಳ್ಳುವಾಗ ಕ್ಯಾಮೆರಾ, ಬ್ಯಾಟರಿ ಬಿಟ್ಟು ಇನ್ನೇನು ನೋಡಲಿ? — ಒಬ್ಬ ಗೃಹಿಣಿ

ಉತ್ತರ: ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಕೇಳಿ. ಈಗ ಪೈಪೋಟಿ ಅಲ್ಲಿಗೆ ಬಂದಿದೆ. 2023ರ ಪಿಕ್ಸೆಲ್ 8ಕ್ಕೆ ಗೂಗಲ್ ಏಳು ವರ್ಷ ಎಂದಿತು, ಮೂರೇ ತಿಂಗಳಿಗೆ ಸ್ಯಾಮ್‌ಸಂಗ್ ತನ್ನ ಎಸ್24ಕ್ಕೂ ಏಳು ಎಂದಿತು. ಇನ್ನೊಂದು, ಆಂಡ್ರಾಯ್ಡ್‌ನಲ್ಲಿ ದುಡ್ಡು ಕೊಟ್ಟು ಕೊಂಡ ಆ್ಯಪ್ ಐಫೋನಿಗೆ ಬರುವುದಿಲ್ಲ, ಅಲ್ಲಿಂದ ಇಲ್ಲಿಗೂ ಬರುವುದಿಲ್ಲ. ಪಕ್ಷ ಬದಲಿಸುವ ಮುಂಚೆ ಆ ಪಟ್ಟಿ ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ಮೇಡಂ, ಮೊದಲ ಆ್ಯಪ್ ಬರೆಯುತ್ತಿದ್ದೇನೆ. ಆಂಡ್ರಾಯ್ಡೋ ಐಫೋನೋ? ಮೂರನೇ ವ್ಯವಸ್ಥೆ ಏನಾದರೂ ಬರುತ್ತದೆಯೇ, ಕಾಯಲೇ? — ಹೊಸಬ

ಉತ್ತರ: ಕಾಯಬೇಡಿ. 2019ರಲ್ಲಿ ಗೂಗಲ್ ಸೇವೆ ಕೈತಪ್ಪಿದ ಮೇಲೆ ಚೀನಾದ ಫೋನ್ ಕಂಪನಿ ಹುವಾವೇ ನೂರು ಕೋಟಿ ಡಾಲರ್ ನಿಧಿ ಇಟ್ಟು ಡೆವಲಪರ್‌ಗಳನ್ನು ಕರೆಯಿತು. 2024ರಲ್ಲಿ ಆಂಡ್ರಾಯ್ಡ್ ಆ್ಯಪ್ ಓಡದಂಥ ತನ್ನದೇ ಹಾರ್ಮನಿ ಓಎಸ್ ತಂದಿತು. ಚೀನಾದಂಥ ದೊಡ್ಡ ಮಾರುಕಟ್ಟೆ ಬೆನ್ನಿಗಿದ್ದರಿಂದ ಅದು ಆಯಿತು. "ನಮ್ಮ ಫೋನಿನಲ್ಲಿ ಆಂಡ್ರಾಯ್ಡ್ ಆ್ಯಪೂ ಓಡುತ್ತೆ" ಎಂದ ಬ್ಲ್ಯಾಕ್‌ಬೆರಿಗೆ ಆಗಿದ್ದೇನು? ಹಾಗಾದರೆ ನಿಮಗೆ ಬೇರೆ ಯಾಕೆ ಬರೀಬೇಕು ಅಂದರು ಡೆವಲಪರ್‌ಗಳು. 2015ರಲ್ಲಿ ಬ್ಲ್ಯಾಕ್‌ಬೆರಿಯೇ ಆಂಡ್ರಾಯ್ಡ್ ಫೋನ್ ತಂದಿತು.

ನಿಮ್ಮ ಜೇಬಿನಲ್ಲಿ ಯಾವ ಫೋನ್ ಇದೆಯೋ ಅದಕ್ಕೇ ಬರೆಯಿರಿ. ದಿನಾ ನೀವೇ ಬಳಸಿದರೆ ತಪ್ಪು ನಿಮಗೇ ಕಾಣುತ್ತದೆ. ನನ್ನ ಟಾರ್ಚನ್ನು ನಾನು ಒಂದು ದಿನವೂ ಬಳಸಿರಲಿಲ್ಲ. ಖರ್ಚಿನ ಮಾತಿಗೆ ಬಂದರೆ, ಗೂಗಲ್‌ಗೆ ಒಮ್ಮೆ 25 ಡಾಲರ್ ಕಟ್ಟಿದರೆ ಮುಗಿಯಿತು. ಆ್ಯಪಲ್‌ಗೆ ವರ್ಷ ವರ್ಷ 99 ಡಾಲರ್, ಜೊತೆಗೆ ಮ್ಯಾಕ್ ಕಂಪ್ಯೂಟರ್ ಬೇಕು. ಫ್ಲಟ್ಟರ್, ರಿಯಾಕ್ಟ್ ನೇಟಿವ್ ಎಂಬ ಆ್ಯಪ್ ಬರೆಯುವ ಸಲಕರಣೆಗಳಲ್ಲಿ ಒಂದನ್ನು ಕಲಿತರೆ ಒಂದೇ ಬರವಣಿಗೆಯಲ್ಲಿ ಎರಡಕ್ಕೂ ಬಹುಪಾಲು ಕೆಲಸ ಆಗುತ್ತದೆ.

ಆಂಡ್ರಾಯ್ಡ್ ಅಂತಾದರೆ ಇನ್ನೊಂದು ಕೆಲಸ ಈಗಲೇ ಶುರು ಮಾಡಿ. ಹೊಸದಾಗಿ ಸ್ವಂತ ಹೆಸರಲ್ಲಿ ಖಾತೆ ತೆರೆದವರ ಆ್ಯಪನ್ನು ಕನಿಷ್ಠ 12 ಜನ ಸತತ 14 ದಿನ ಪರೀಕ್ಷೆಗೆ ಇಟ್ಟುಕೊಂಡಿರಬೇಕು, ಆಮೇಲೆಯೇ ಅಂಗಡಿಗೆ ಬಿಡುವ ಅರ್ಜಿ ಹಾಕಬಹುದು. ಹನ್ನೆರಡು ಜನ ಸುಲಭವಾಗಿ ಸಿಗುತ್ತಾರೆ. ಹತ್ತನೇ ದಿನಕ್ಕೆ ಇಬ್ಬರು ಫೋನ್ ಜಾಗ ಸಾಲದು ಅಂತ ತೆಗೆದುಹಾಕುತ್ತಾರೆ. ಹದಿನಾರು ಜನರನ್ನು ಒಪ್ಪಿಸಿಟ್ಟುಕೊಳ್ಳಿ.