ಆಟದ ಮೇಜಿನ ಮೇಲೆ ವಿಕಿರಣ: ಎಷ್ಟು ಹಿಟ್ ಪಾಯಿಂಟ್ ಕಳೆಯಬೇಕು?

ಪ್ರಶ್ನೆ: ನಾವು ಐವರು ಗೆಳೆಯರು ಭಾನುವಾರ ಸೇರಿ, ಒಬ್ಬೊಬ್ಬರೂ ಒಂದು ಪಾತ್ರವಾಗುವ ರೋಲ್‌ಪ್ಲೇ ಆಟ ಆಡುತ್ತೇವೆ. ಕಥೆ ನಡೆಸುವ ಗೇಮ್ ಮಾಸ್ಟರ್ ನಾನೇ. ಈಗಿನ ಕಥೆ ಅಣುಯುದ್ಧ ಮುಗಿದು 30 ವರ್ಷವಾದ ಊರಿನದು. ವಿಕಿರಣ ಇರುವ ಜಾಗಕ್ಕೆ ಹೋದರೆ ಪ್ರತಿ ಸುತ್ತಿಗೂ ದಾಳ ಹಾಕಿ ಹಿಟ್ ಪಾಯಿಂಟ್ (ಪಾತ್ರದ ಜೀವಬಲದ ಅಂಕ) ಕಳೆಯುತ್ತೇನೆ. "ಇದೇನು ಬೆಂಕಿನಾ?" ಅಂತ ಒಬ್ಬ ಗೆಳತಿ ನಗುತ್ತಾಳೆ. ನಿಜಕ್ಕೆ ಹತ್ತಿರ ತರುವುದು ಹೇಗೆ?

ಉತ್ತರ: ನಿಮ್ಮ ಗೆಳತಿ ಕೇಳಿದ್ದು ಸರಿಯಾಗಿಯೇ ಇದೆ. ಬೆಂಕಿ ತಾಗಿದರೆ ಆಗಲೇ ಗೊತ್ತಾಗುತ್ತದೆ. ವಿಕಿರಣ ತಾಗಿದ್ದು ಗೊತ್ತೇ ಆಗುವುದಿಲ್ಲ.

1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಇಬ್ಬರು ಪಾಳುಬಿದ್ದ ಚಿಕಿತ್ಸಾ ಕೇಂದ್ರಕ್ಕೆ ನುಗ್ಗಿ, ಕ್ಯಾನ್ಸರ್ ಚಿಕಿತ್ಸೆಯ ಹಳೇ ಯಂತ್ರದ ಒಂದು ಭಾಗವನ್ನು ಗುಜರಿಗೆಂದು ಕಿತ್ತು ತಂದರು. ಒಳಗಿದ್ದದ್ದು ವಿಕಿರಣ ಸೂಸುವ ಸೀಸಿಯಂ-137. ಅವರಿಗೆ ವಾಂತಿ ಶುರುವಾಯಿತು. ಏನೋ ತಿಂದದ್ದು ಒಗ್ಗಿಲ್ಲ ಅಂದುಕೊಂಡರು. ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಆ ಪುಡಿಯನ್ನು, ಅದನ್ನು ಕೊಂಡ ಗುಜರಿಯವನು ನೆಂಟರಿಗೆಲ್ಲ ಹಂಚಿದ. ಏನೆಂದು ತಿಳಿಯಲು ಎರಡು ವಾರ ಬೇಕಾಯಿತು. ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು, ನಾಲ್ವರು ಸತ್ತರು.

ಹಾಗಾಗಿ ಹಿಟ್ ಪಾಯಿಂಟ್ ಮುಟ್ಟಲೇಬೇಡಿ. ಪ್ರತಿ ಪಾತ್ರಕ್ಕೂ ನಿಮ್ಮ ಬಳಿ ಒಂದು ಗುಟ್ಟಿನ ಲೆಕ್ಕ ಇರಲಿ. ಮೈ ಹೀರಿದ ವಿಕಿರಣವನ್ನು ಗ್ರೇ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದೇ ಸಲಕ್ಕೆ ಇಡೀ ಮೈಗೆ 1 ಗ್ರೇ ತಾಗಿದರೆ ಹೊಟ್ಟೆ ತೊಳಸಬಹುದು. ಸುಮಾರು 4 ಗ್ರೇ ಆದರೆ, ಚಿಕಿತ್ಸೆ ಸಿಗದವರಲ್ಲಿ ಅರ್ಧದಷ್ಟು ಜನ ಎರಡು ತಿಂಗಳೊಳಗೆ ಸಾಯುತ್ತಾರೆ. 10 ದಾಟಿದರೆ ಉಳಿಯುವ ಆಸೆ ಇಲ್ಲವೆಂದೇ ಹೇಳಬೇಕು.

ಆಟಗಾರರಿಗೆ ಸಿಗುವ ಸುಳಿವು ವಾಂತಿಯ ಹೊತ್ತು. 2 ಗ್ರೇ ಒಳಗಿದ್ದರೆ ಎರಡು ಗಂಟೆ ಕಳೆದ ಮೇಲೆ ಬರುತ್ತದೆ, ಬಾರದೆಯೂ ಇರಬಹುದು. 4ರಿಂದ 6 ಆದರೆ ಒಂದು ಗಂಟೆಯೊಳಗೆ. 8 ಮೀರಿದರೆ ಹತ್ತೇ ನಿಮಿಷ. ಆಮೇಲೆ ಬರುವುದು ನನಗೆ ತುಂಬಾ ಇಷ್ಟವಾದ ಘಟ್ಟ (ಆಟದಲ್ಲಿ ಮಾತ್ರ!). ಪಾತ್ರ ಚೇತರಿಸಿಕೊಳ್ಳುತ್ತದೆ. ಉಣ್ಣುತ್ತದೆ, ಓಡಾಡುತ್ತದೆ, ಜಗಳಕ್ಕೂ ಹೋಗುತ್ತದೆ. ಒಳಗೆ ಮೂಳೆಮಜ್ಜೆ ಹೊಸ ರಕ್ತ ಮಾಡುವುದನ್ನು ನಿಲ್ಲಿಸಿರುತ್ತದೆ. ಎರಡು-ಮೂರು ವಾರಕ್ಕೆ ಕೂದಲು ಉದುರುತ್ತದೆ, ವಸಡಲ್ಲಿ ರಕ್ತ, ಸೋಂಕು. ದಾಳ ಹಾಕುವುದು ಆಗ, ಒಂದೇ ಸಲ.

ಇನ್ನೊಂದು ತಪ್ಪು ನಿಮ್ಮ ಊರಿನಲ್ಲೇ ಇದೆ. ಬಾಂಬ್ ಬಿದ್ದ ಮೇಲಿನ ಬೂದಿಯ ವಿಕಿರಣ ಬೇಗ ಇಳಿಯುತ್ತದೆ. ಹೊತ್ತು ಏಳು ಪಟ್ಟಾದರೆ ತೀವ್ರತೆ ಹತ್ತರಲ್ಲಿ ಒಂದು ಭಾಗ. ಮೊದಲ ಗಂಟೆಗೆ 100 ಇದ್ದದ್ದು 7ನೇ ಗಂಟೆಗೆ 10, 49ನೇ ಗಂಟೆಗೆ 1. ಯುದ್ಧದ ಮರುದಿನದ ಕಥೆಯಾದರೆ ನೆಲಮಾಳಿಗೆಯಲ್ಲಿ ಎರಡು ದಿನ ಕೂರುವುದೇ ದೊಡ್ಡ ಆಟ. 30 ವರ್ಷದ ನಂತರ ಸುಮ್ನೆ ಬೀದಿಯಲ್ಲಿ ನಡೆದವರು ಸಾಯುವುದಿಲ್ಲ. ಅಲ್ಲಿ ಗೊಯಾನಿಯಾದಂಥ ಒಂದು ಡಬ್ಬಿ ಇಡಿ. ವಿಕಿರಣ ಸೂಸುವ ವಸ್ತು ಚಿಕ್ಕದಾದರೆ, ಅದರಿಂದ ದೂರ ಎರಡು ಪಟ್ಟು ಮಾಡಿದಾಗ ತಾಗುವುದು ಕಾಲು ಭಾಗ. ಆಟಗಾರರು ಕೋಲು, ಹಗ್ಗ ಹುಡುಕಲಿ. ಪುಡಿ ಬಟ್ಟೆಗೆ ಮೆತ್ತಿದರೆ ಜೊತೆಯವರಿಗೂ ಅಪಾಯ, ಬಟ್ಟೆ ಬಿಚ್ಚಿ ತೊಳೆಯಲೇಬೇಕು. ಅಯೋಡಿನ್ ಮಾತ್ರೆ ಕೂಡಿಟ್ಟುಕೊಂಡಿದ್ದಾರಾ? ಇಟ್ಟುಕೊಳ್ಳಲಿ ಬಿಡಿ. ಅದು ಕಾಯುವುದು ಥೈರಾಯ್ಡ್ ಒಂದನ್ನೇ, ಅದೂ ವಿಕಿರಣದ ಅಯೋಡಿನ್‌ನಿಂದ. ಎಂಟು ದಿನಕ್ಕೆ ಅರ್ಧವಾಗುವ ಆ ಅಯೋಡಿನ್ ಈ ಊರಿನಲ್ಲಿ ಎಂದೋ ಮುಗಿದಿದೆ.

ವಿಕಿರಣ ಅಳೆಯುವ ಮೀಟರ್ ಮಾತ್ರ ಕೊಡಿ, ಆದರೆ ಅಗ್ಗದ್ದು. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸ್ಫೋಟಿಸಿದಾಗ ಮೊದಲು ಕೈಗೆ ಸಿಕ್ಕ ಮೀಟರ್‌ಗಳು ಗಂಟೆಗೆ 3.6 ರಾಂಟ್ಜನ್‌ಗಿಂತ (ವಿಕಿರಣದ ಹಳೇ ಅಳತೆ) ಜಾಸ್ತಿ ತೋರಿಸುತ್ತಲೇ ಇರಲಿಲ್ಲ. ನಿಮ್ಮ ಮೇಜಿನ ಮೇಲೂ ಮುಳ್ಳು ತುದಿಗೆ ಹೋಗಿ ನಿಂತಾಗ, ನಿಜಕ್ಕೂ ಎಷ್ಟಿದೆ ಅಂತ ಕೇಳುತ್ತಾರೆ. ಹೇಳಬೇಡಿ.